ಅಂಚು

ಮೊದಲ ಮುಖ ನೋಡಬ್ಯಾಡ, ಮಿಲಿಂದ.
ಮುಖಕ್ಕ ಎಲ್ಲಾರೂ ಮೈಯೆಲ್ಲ ಕಣ್ಣಾಗಿ ದುಡೀತಾರ:
ದೊರೆಯ ಮೂಗು, ತುತ್ತೂರಿ, ಇಸವಿ, ಇಂಗ್ಲೀಷ್ ಅಕ್ಷರ.
ನಕಲಿ ಮಾಡಾಂವ ದಣಿಯೋದು ಅಂಚಿಗೆ ಬಂದಾಗ.
ಅಂಚು ಹಿಡಿದು ತಿರುವು. ಹಾಂ, ಬಾಗಿಲ ಬೆಳಕಿಗೆ.

ಟಂಕಸಾಲಿ ಬಿಲ್ಲಿ ಒಂದ ಏಟಿಗೆ ಹುಟ್ಟಿದ್ದು,
ಅಕ್ಷರದ ಬುಡ ಕೊಯ್ದ ಕಬ್ಬಿನ ಹಾಂಗ ಚೂಪು.
ಎರಕದ್ದಕ್ಕ ಆ ಸಿಟ್ಟು ಇರೋದಿಲ್ಲ.
ಭೂತಗನ್ನಡಿ ಇಟ್ಟರ ಸಣ್ಣ ಸಣ್ಣ ತೂತು,
ಸಿಡುಬು ಬಂದು ಹೋದ ಗಲ್ಲ.
ಕಪ್ಪು ನೋಡಿ ಕೈ ಮುಗೀಬ್ಯಾಡ. ಗಂಧಕ ಹಚ್ಚಿ
ಒಂದು ರಾತ್ರಿಗೆ ನೂರು ವರ್ಷ ಮಾಡಿಕೊಡೋರು
ಈ ಸರಾಫ ಗಲ್ಲಿಯಾಗ ಇದ್ದರು, ಅದಾರ.
ಮೂಸಿ ನೋಡು: ಕೊಳೆತ ತತ್ತಿ.

ಆಮ್ಯಾಲ ಬೆರಳ ತುದಿಗೆ ಕುಂದರಿಸಿ ತಟ್ಟು.
ಬೆಳ್ಳಿ, ಮಾತು ಮುಗಿದ ಮ್ಯಾಲೂ ಗುನುಗತೈತಿ.
ಬಾಕಿ ಲೋಹ ಹೇಳೋದು ಹೇಳಿ ಸುಮ್ಮನಾಗತೈತಿ.

ಮೊನ್ನೆ ನೀ ಊಟಕ್ಕ ಹೋದಾಗ
ಯಳ್ಳೂರಿಂದ ಒಬ್ಬಾಕಿ ಬಂದಿದ್ಲು, ಇಂದ್ರಾಯಣಿ ಕುಗಜಿ ಅಂತ.
ಕರವಸ್ತ್ರದ ಗಂಟಿನ್ಯಾಗ ಒಂದು ಬಿಲ್ಲಿ.
ಯುದ್ಧ ಗೆದ್ದ ನೆನಪಿಗೆ ಪಲ್ಟನ್ನು ಹಂಚಿದ್ದಂತ.
ಅಂಚಿನ ಮ್ಯಾಲೆ ಹೆಸರು: ನಾಯಕ ಸಾತೇರಿ ಕುಗಜಿ.
ಊರ ಸಾಲಿಯಾಗ ಗಾಜಿನ ಕಪಾಟು ಮಾಡ್ಯಾರ,
ಅಸಲಿ ಅಂತ ಒಂದು ಚೀಟಿ ಬೇಕಂತ ಮಾಸ್ತರಿಗೆ.

ತೂಕ ಕಮ್ಮಿ. ತೂತು ಅದಾವ. ದನಿ ಇಲ್ಲ.
ಹೇಳಿ ಕಳಿಸಬೇಕು ಅಂತ ಅಂಚು ತಿರುವಿದೆ.

ಅರದ ಗೆರಿ ಎಡಕ್ಕ ವಾಲಿದ್ದವು.

ಈ ಪ್ಯಾಟ್ಯಾಗ ಎಡಗೈಲೆ ಅರ ಹಿಡಿದಾಂವ ಒಬ್ಬನ.
ಅವನ ತಿದಿ ಒತ್ತಿದಾಂವ ನಾನು, ಒಂಬತ್ತು ವರ್ಷದಾಂವ.
ನೆನಪಾತು: ಮೀಸಿ ಮ್ಯಾಲೆ ನಿಂಬಿಹಣ್ಣು ನಿಲ್ಲಿಸೋ ಮನಶ್ಯಾ
ಬಾಗಿಲ ಮರಿಗೆ ನಿಂತು, ಪಿಸುಮಾತಿನ್ಯಾಗ,
ಗಂಡ ಸತ್ತ ತಂಗಿಗೆ ಹೊಲಿಗಿ ಮಷೀನು ಅಂತ, ಮೊದಲ ಕಂತು ಅಂತ,
ಬೆಳ್ಳಿ ನೀವ ಇಟಗೊಳ್ರಿ,
ಆಗಸ್ಟ್ ಹದಿನೈದಕ್ಕ ಸಾಹೇಬ್ರು ಸಾಲು ನೋಡಾಕ ಬರ್ತಾರ,
ಎದಿ ಖಾಲಿ ಇರಬಾರದು.
ಅಪ್ಪ ಒಂದು ಮಾತು ಆಡಲಿಲ್ಲ. ಜರ್ಮನ್ ಸಿಲ್ವರ್ ಮೂಸಿಗೆ ಹಾಕಿದ.

ನಾ ಬಾಯಿ ತೆರೆಯೋದರಾಗ ಆಕಿನೇ ಅಂದಳು:
'ನಕಲಿ ಅಲ್ರೀ? ಅಜ್ಜಿಗೆ ಗೊತ್ತಿತ್ತು.
ಗೂಟಕ್ಕ ಕೋಟು ಹಾಕಿದಾಗ ಗ್ವಾಡಿಗೆ ಬಡೀತಿತ್ತಲ್ಲ,
ಆ ವರ್ಷದಿಂದ ದನಿ ಬ್ಯಾರೆ ಆತಂತ.
ಅಜ್ಜಗ ಕೇಳಲಿಲ್ಲ. ಸಾಯೋತನಕ ಬೂದಿ ಹಚ್ಚಿ ತಿಕ್ಕಿದಳು.'

ಆವಾಗ ನೋಡಿದೆ, ಮಿಲಿಂದ, ಮುಖಾನ.
ದೊರೆಗೆ ಮೂಗೇ ಉಳಿದಿಲ್ಲ.
ಕೊರಕಲಿನ್ಯಾಗ ಕಪ್ಪು ಹಾಂಗ ಐತಿ, ಏರಿನ ಮ್ಯಾಲೆ ನುಣುಪು.
ಗಂಧಕದ್ದಲ್ಲ ಅದು, ಮರಳಗಾಗದದ್ದೂ ಅಲ್ಲ.
ಹೆಬ್ಬೆರಳಿಂದು.
ಅಪ್ಪ ಎಷ್ಟು ಕಸುಬುದಾರ ಆದರೂ
ಅದನ್ನ ಮಾಡೋದು ಅವನ ಕೈಯಾಗ ಇರಲಿಲ್ಲ.

ಚೀಟಿ ಬರಿಯಾಕ ಕುಂತೆ. ಕ್ಯಾಂಪಿನ ಕಡೆಯಿಂದ ಬ್ಯೂಗಲ್ ಕೇಳಿಸ್ತು,
ಮುಗಿಯೋತನಕ ಪೆನ್ನು ಎತ್ತೇ ಇತ್ತು.
ಬರೆದೆ: ಲೋಹ, ಜರ್ಮನ್ ಸಿಲ್ವರ್. ಎರಕ, ಶಹಾಪುರ.
ಕೆಲಸ, ನಮ್ಮ ತಂದೆಯದು.
ಸವಕಳಿ, ಅಸಲಿ.
ಸಾಲಿಯಾಗ ಇಡತಾರೋ ಇಲ್ಲೋ, ಅವರಿಗೆ ಬಿಟ್ಟಿದ್ದು.

ಪರೀಕ್ಷಾ ಫೀ ಬ್ಯಾಡ ಅಂದೆ. ಆಕಿ ಕೇಳಲಿಲ್ಲ.
ಅಟ್ಟದ ಮ್ಯಾಲಿನ ಹಳೇ ಖತಾವಣಿ ಇಳಿಸಿದೆ, ಗೆದ್ದಲು ಕೊಡವಿದೆ:
ಸಾ. ಕುಗಜಿ, ಯಳ್ಳೂರ. ಎರಕದ ಕೂಲಿ
ಒಂದೂವರಿ ರೂಪಾಯಿ, ಬಾಕಿ.
ಇಬ್ಬರೂ ನಕ್ಕಿವಿ. ಎರಡು ರೂಪಾಯಿ ನಾಣ್ಯ ಕೊಟ್ಟಳು.
ಎಂಟಾಣೆ ಚಿಲ್ಲರ ಈಗ ಎಲ್ಲಿಂದ ತರಲಿ?

ಅಗೋ, ತಕ್ಕಡಿ ತಟ್ಟಿಯಾಗ ಐತಿ ನೋಡು ಆ ನಾಣ್ಯ.
ತಗೀಬ್ಯಾಡ. ಮೊದಲ ಅಂಚು ನೋಡು.